ತಾಂಡದ ಮಗುವಿನ ತಾಯ್ನುಡಿ ಯಾವುದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಒಂದುಗೂಡಿಸಿ ವಿದ್ಯಾ ಇಲಾಖೆಯವರು ಮಧುಗಿರಿಯನ್ನು ಕೇಂದ್ರವಾಗುಳ್ಳ ಒಂದು ಶೈಕ್ಷಣಿಕ ಜಿಲ್ಲೆಯನ್ನು ಏರ್ಪಡಿಸಿದ್ದಾರೆ. ಇಲ್ಲಿನ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದು ನೋಡಿದರೆ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜಾತಿ, ಹುಟ್ಟಿದ ದಿನ ಇವುಗಳ ಜೊತೆಗೆ ‘ಮಾತೃಭಾಷೆ’ ಎಂಬ ಒಂದು ಅಂಕಣವೂ ಕಾಣುತ್ತದೆ. ಲಂಬಾಣಿ ತಾಂಡದಿಂದ ಬಂದ ಮಗುವಿನ ಹೆಸರಿಗೆ ಎದುರಾಗಿ ಆ ಅಂಕಣದಲ್ಲಿ ಬರೆಯತಕ್ಕದ್ದೇನು? ‘ಲಂಬಾಣಿ’ ಎಂದು ಬರೆದರೆ ಅದು ನಿಜವಾದ ಮಾತು. ಆದರೆ ಆ ನಿಜದಿಂದ ಮಗುವಿಗೆ ಯಾವ ಪ್ರಯೋಜನವೂ ಇಲ್ಲ. ‘ಕನ್ನಡ’ ಎಂದು ಬರೆದರೆ ಅದು ನಿಜವಲ್ಲ. ಆದರೆ ಆ ಸುಳ್ಳಿನಿಂದ ಯಾರಿಗೂ ಹಾನಿಯಿಲ್ಲವೆಂದು ತಿಳಿಯಲಾಗಿದೆ. ಎರಡರಲ್ಲಿ ಯಾವುದನ್ನು ಬರೆದರೂ ಮರುದಿನ ಬೆಳಿಗ್ಗೆ ಮಗುವಿನ ಮುಂದೆ ತೆರೆಯುವ ಪುಸ್ತಕ ಒಂದೇ. ಹಾಗಾದರೆ ಆ ಅಂಕಣವನ್ನು ಇಟ್ಟಿರುವುದು ಏತಕ್ಕೆಂದು ಕನ್ನಡಾಭಿಮಾನಿಗಳಾದ ಮಹಾಶಯರು ಒಮ್ಮೆಯಾದರೂ ಕೇಳಿಕೊಂಡದ್ದುಂಟೆ?

ಮಾತೃಭಾಷೆಯ ಪಕ್ಷವನ್ನು ಕರ್ನಾಟಕದಷ್ಟು ಹಟದಿಂದ ವಾದಿಸಿದ ಪ್ರಾಂತಗಳು ಈ ದೇಶದಲ್ಲಿ ವಿರಳ. ಗೋಕಾಕ್ ಸಮಿತಿಯ ವರದಿ 1981ರಲ್ಲಿ ಬಂದಿತು. ಮರುವರ್ಷ ಅದರ ಹೆಸರಿನಲ್ಲಿ ನಾಡೆಲ್ಲ ಎದ್ದು ನಿಂತಿತು. 1994ರ ಏಪ್ರಿಲ್ ತಿಂಗಳಲ್ಲಿ ಹೊರಟ ಸರ್ಕಾರಿ ಆಜ್ಞೆಯು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಬೋಧನೆಯು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯತಕ್ಕದ್ದೆಂದು ವಿಧಿಸಿತು. ಖಾಸಗಿ ಶಾಲೆಗಳವರು ನ್ಯಾಯಾಲಯಕ್ಕೆ ಹೋದರು. ಇಪ್ಪತ್ತು ವರ್ಷಗಳ ವ್ಯಾಜ್ಯದ ಬಳಿಕ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮಗುವಿಗೆ ಯಾವ ಭಾಷೆ ಹಿತವೋ ಅದನ್ನು ಆರಿಸುವ ಅಧಿಕಾರ ತಂದೆತಾಯಿಗಳದು, ಸರ್ಕಾರವು ಬಲಾತ್ಕಾರ ಮಾಡಲಾಗದು ಎಂದು ತೀರ್ಪಿತ್ತಿತು. ಅಂದು ಕನ್ನಡನಾಡಿನಲ್ಲಿ ಆದ ದುಃಖವು ಸಣ್ಣದಲ್ಲ. ತಾಯಿಯ ಮಡಿಲಿನಲ್ಲಿ ಕಲಿತ ನುಡಿಯ ಮೂಲಕವೇ ಎಳೆಯ ಬುದ್ಧಿಗೆ ಲೋಕವು ತೆರೆಯಬೇಕು, ಪರಭಾಷೆಯಲ್ಲಿ ಆರಂಭಿಸಿದರೆ ಮಗುವು ಉರುಹೊಡೆಯುವುದೇ ಹೊರತು ತಿಳಿಯುವುದಿಲ್ಲ ಎಂದು ಸಭೆಸಭೆಗಳಲ್ಲಿ ವಿದ್ವಾಂಸರು ಸಾರಿದರು. 1953ರಲ್ಲಿ ಯುನೆಸ್ಕೋ ಸಂಸ್ಥೆಯ ತಜ್ಞರು ಹೇಳಿದ್ದೂ ಅದನ್ನೇ. ವಾದವು ಸರಿಯಾದದ್ದೇ. ಆದರೆ ಆ ವಾದವನ್ನು ಒಂದೊಂದು ಮಾತಾಗಿ ಬಿಡಿಸಿ ನೋಡಿದರೆ ಅದರಲ್ಲಿ ಕನ್ನಡದ ಹೆಸರು ಎಲ್ಲಿಯೂ ಬರುವುದಿಲ್ಲ. ಬರುವುದು ಮಗುವಿನ ಹೆಸರು, ತಾಯಿಯ ಹೆಸರು. ಪಾವಗಡದ ಗುಡ್ಡದ ತಪ್ಪಲಿನ ತಾಂಡದಲ್ಲಿಯೂ ಮಗುವುಂಟು, ತಾಯಿಯುಂಟು. ಆ ತಾಯಿಯನ್ನು ಮಗುವು ‘ಯಾಡಿ’ ಎಂದು ಕರೆಯುತ್ತದೆ.

ತಾಂಡದ ಜನ ಈ ಸೀಮೆಗೆ ನಿನ್ನೆ ಮೊನ್ನೆ ಬಂದವರಲ್ಲ. ಲಂಬಾಣಿ, ಲಮಾಣಿ, ಬಂಜಾರ, ಸುಗಾಲಿ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವ ಇವರು ತಮ್ಮನ್ನು ತಾವು ‘ಗೋರ್’ ಎಂದೂ ಹೊರಗಿನವರನ್ನು ‘ಕೋರ್’ ಎಂದೂ ಹೇಳಿಕೊಳ್ಳುತ್ತಾರೆ. ಎತ್ತಿನ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಉತ್ತರದಿಂದ ದಖ್ಖಣಕ್ಕೆ ಇಳಿದುಬಂದ ವರ್ತಕರು ಇವರು. ಮೊಗಲರ ದಂಡುಗಳು ದಕ್ಷಿಣಕ್ಕೆ ಬಂದಾಗ ಅವುಗಳಿಗೆ ಅನ್ನವಿಕ್ಕಿದ್ದು ಇವರ ಎತ್ತಿನ ಹಿಂಡುಗಳು. ಶಿರಾ ಪಟ್ಟಣವು 1687ರಿಂದ ಎಪ್ಪತ್ತು ವರ್ಷಕಾಲ ಮೊಗಲ್ ಸುಭೆಯ ರಾಜಧಾನಿಯಾಗಿದ್ದುದನ್ನು ಬಲ್ಲವರು, ಅಂಥ ಠಾಣ್ಯಗಳು ಯಾರ ಹೇರಿನಿಂದ ಬದುಕಿದವೆಂಬುದನ್ನೂ ಊಹಿಸಬಲ್ಲರು. 1791ರಲ್ಲಿ ಕಾರ್ನ್‌ವಾಲಿಸನ ಸೇನೆಯು ಶ್ರೀರಂಗಪಟ್ಟಣದ ಮೇಲೆ ನಡೆದಾಗ ಹಸಿದ ದಂಡಿಗೆ ಧಾನ್ಯ ತಂದವರೂ ಬಂಜಾರರೇ. ಅರಸರು ಬದಲಾದರು, ಎತ್ತುಗಳು ನಡೆಯುತ್ತಲೇ ಇದ್ದವು. ಅವು ನಿಂತದ್ದು ರೈಲು ಬಂದಾಗ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಹರಿಹರದ ಕಡೆಗೆ ಹಳಿ ಹಾಕಿದರು. ದೇಶದಲ್ಲೆಲ್ಲ ಇದೇ ಕಥೆ. ಎತ್ತಿನ ಹೇರಿಗೆ ಬೆಲೆಯಿಲ್ಲದಾಯಿತು. ಅಷ್ಟು ಸಾಲದೆಂಬಂತೆ, ನೆಲೆಯಿಲ್ಲದೆ ತಿರುಗುವ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ ಶಾಸನವನ್ನು ಆಂಗ್ಲ ಸರ್ಕಾರ 1871ರಲ್ಲಿ ಮಾಡಿತು. ಅನೇಕ ಕಡೆಗಳಲ್ಲಿ ಲಂಬಾಣಿಗರ ಹೆಸರೂ ಆ ಪಟ್ಟಿಗೆ ಸೇರಿತು. ಅದು ಪೂರ್ಣವಾಗಿ ತೊಲಗಿದ್ದು 1952ರಲ್ಲಿ. ದಾರಿಯೇ ಮನೆಯಾಗಿದ್ದವರು ದಾರಿಯನ್ನು ಕಳೆದುಕೊಂಡು ಕಾಡಿನ ಅಂಚಿನಲ್ಲಿ, ಊರಿಂದ ಕೂಗಳತೆಯ ಆಚೆ, ಬೀಡು ಬಿಟ್ಟಲ್ಲಿಯೇ ನಿಂತರು. ಬೀಡಿನ ಹೆಸರೇ ಊರಿನ ಹೆಸರಾಯಿತು: ತಾಂಡ. ಅನೇಕ ತಾಂಡಗಳಿಗೆ ಕಂದಾಯದ ಲೆಕ್ಕದಲ್ಲಿ ಗ್ರಾಮವೆಂಬ ಗೌರವವೂ ಬಹುಕಾಲ ದೊರೆಯಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ಅದು ದೊಡ್ಡ ಸುದ್ದಿಯಾಯಿತೆಂದರೆ, ಅಷ್ಟುದಿನ ಆ ಹಕ್ಕು ಇರಲಿಲ್ಲವೆಂದೇ ಅರ್ಥ.

ಇಂಥವರ ಭಾಷೆಗೆ ಒದಗಿದ ಗತಿಯೇನೆಂದು ನೋಡಬೇಕಾದರೆ ಪಾವಗಡದ ದಾರಿಯನ್ನು ಹಿಡಿಯಬೇಕು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವವನು ತುಮಕೂರು ಜಿಲ್ಲೆಯಿಂದ ತುಮಕೂರು ಜಿಲ್ಲೆಗೇ ಹೋಗುತ್ತಿದ್ದರೂ ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ದಾಟಬೇಕು. ಈ ಸಣ್ಣ ಪ್ರಯಾಣದಲ್ಲಿ ಲಂಬಾಣಿಯಾದವನು ಎರಡು ಬಾರಿ ಬೇರೆ ಮನುಷ್ಯನಾಗುತ್ತಾನೆ. ಕರ್ನಾಟಕದಲ್ಲಿ ಅವನು ಪರಿಶಿಷ್ಟ ಜಾತಿಯವನು. ಗಡಿಗಲ್ಲು ದಾಟಿದೊಡನೆ ಅದೇ ಕುಲ, ಅದೇ ಗೋತ್ರ, ಅದೇ ಮಾತಿನ ಅವನ ಬೀಗನು ಪರಿಶಿಷ್ಟ ಪಂಗಡದವನು. ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿನ ನೆಂಟನು ವಿಮುಕ್ತ ಜಾತಿಯವನು. ಕೇವಲ ಪಟ್ಟಿಯ ಭೇದವಲ್ಲವೆ, ಅದರಿಂದೇನು ಎನ್ನುವವರಿಗೆ ಇದೊಂದು ಸಂಗತಿ ಸಾಕು. ತೆಲಂಗಾಣವೂ ಕೂಡಿದ್ದ ಆಗಿನ ಆಂಧ್ರಪ್ರದೇಶ ಸರ್ಕಾರ 2004ರಲ್ಲಿ ಎಂಟು ಬುಡಕಟ್ಟು ಭಾಷೆಗಳಲ್ಲಿ ಮೊದಲ ತರಗತಿಗಳ ಪಾಠವನ್ನು ಆರಂಭಿಸುವ ಪ್ರಯೋಗಕ್ಕೆ ಕೈಹಾಕಿತು. ಸವರ, ಕೋಯ, ಗೊಂಡಿ, ಕೋಲಾಮಿಗಳ ಜೊತೆಗೆ ಬಂಜಾರ ಭಾಷೆಯೂ ಅದರಲ್ಲಿತ್ತು, ಲಿಪಿ ತೆಲುಗು. ಅಲ್ಲಿ ಲಂಬಾಣಿಗರು ‘ಪಂಗಡ’ವಾದುದರಿಂದ ಅವರಿಗೆ ಒಂದು ಭಾಷೆಯುಂಟೆಂಬುದು ಸರ್ಕಾರದ ಕಣ್ಣಿಗೆ ಬಿದ್ದಿತು. ಇಲ್ಲಿ ಅವರು ‘ಜಾತಿ’. ಜಾತಿಗೆ ಮೀಸಲಾತಿಯುಂಟು, ವಿದ್ಯಾರ್ಥಿವೇತನವುಂಟು, ಚುನಾವಣೆಯ ಕಾಲಕ್ಕೆ ಭಾಷಣವೂ ಉಂಟು. ಭಾಷೆ ಮಾತ್ರ ಇಲ್ಲ. ಒಳಮೀಸಲಾತಿಯ ವಾಗ್ವಾದಗಳಲ್ಲಿ ತಾಂಡದ ಹೆಸರು ಎಷ್ಟು ಸಲ ಬಂದಿತೆಂಬುದನ್ನೂ ತಾಂಡದ ನುಡಿಯ ಹೆಸರು ಎಷ್ಟು ಸಲ ಬಂದಿತೆಂಬುದನ್ನೂ ಪತ್ರಿಕೆಗಳನ್ನು ಓದುವವರು ತಾವೇ ಎಣಿಸಿ ನೋಡಬಹುದು.

ಇನ್ನು ಜನಗಣತಿಯವರು ಮಾಡಿರುವ ಉಪಕಾರ. 2011ರ ಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ತಾಯ್ನುಡಿಯೆಂದು ಹೇಳಿದವರು 32 ಲಕ್ಷಕ್ಕೆ ಮೇಲ್ಪಟ್ಟವರು. ಬಂಜಾರಿ ಎಂದವರು ಬೇರೆ 15 ಲಕ್ಷಕ್ಕೆ ಮೇಲ್ಪಟ್ಟವರು. ಎರಡೂ ಸಂಖ್ಯೆಗಳನ್ನು ಸೇರಿಸಿರುವುದು ಹಿಂದಿ ಎಂಬ ಶಿರೋನಾಮೆಯ ಕೆಳಗೆ. ಗ್ರಿಯರ್ಸನ್ ಪಂಡಿತನು ತನ್ನ ಭಾಷಾ ಸಮೀಕ್ಷೆಯ 1907ರ ಸಂಪುಟದಲ್ಲಿ ಬಂಜಾರಿ ಭಾಷೆಯನ್ನು ಭಿಲ್ಲರ ನುಡಿಗಳ ಜೊತೆಯಲ್ಲಿ ಪ್ರತ್ಯೇಕವಾಗಿ ವಿವರಿಸಿದ್ದನು. ನೂರು ವರ್ಷಗಳ ತರುವಾಯ ಸ್ವತಂತ್ರ ದೇಶದ ಗಣತಿಗೆ ಆ ವಿವೇಚನೆ ಬೇಡವಾಯಿತು. ಹಿಂದಿಯ ಸಂಖ್ಯೆ ಉಬ್ಬಿರುವುದನ್ನು ಕಂಡು ಕನ್ನಡಿಗರು ಆಗಾಗ್ಗೆ ಕೋಪಗೊಳ್ಳುತ್ತಾರೆ. ಆ ಉಬ್ಬಿನೊಳಗೆ ಶಿರಾ, ಪಾವಗಡಗಳ ನೆರೆಹೊರೆಯವರೂ ಇದ್ದಾರೆಂಬುದು ಅವರಿಗೆ ತಿಳಿದಿದ್ದರೆ ಕೋಪವು ಇನ್ನಷ್ಟು ಫಲಕಾರಿಯಾಗುತ್ತಿತ್ತು.

ಒಂದು ನುಡಿಯವರನ್ನು ನಾಲ್ಕು ಗಡಿಗಳೊಳಗೆ ಹಂಚಿ, ಯಾವ ಗಡಿಯೊಳಗೂ ಅವರಿಗೆ ಮನೆಯಿಲ್ಲದಂತೆ ಮಾಡಿದರೆ ಏನಾಗುವುದೆಂಬುದಕ್ಕೆ ಲೋಕದಲ್ಲಿ ದೊಡ್ಡ ನಿದರ್ಶನ ಕುರ್ದರದು. ತುರ್ಕಿ, ಇರಾನ್, ಇರಾಕ್, ಸಿರಿಯಾ ದೇಶಗಳಲ್ಲಿ ಕೋಟಿಗಟ್ಟಲೆ ಜನರಿದ್ದೂ ತಮ್ಮದೆಂಬ ರಾಜ್ಯವಿಲ್ಲದವರು. ಅವರ ನುಡಿಯನ್ನು ಇರಾಕ್, ಇರಾನ್‌ಗಳಲ್ಲಿ ಅರಬ್ಬೀ ಮೂಲದ ಲಿಪಿಯಲ್ಲಿಯೂ, ತುರ್ಕಿಯಲ್ಲಿ ರೋಮನ್ ಲಿಪಿಯಲ್ಲಿಯೂ ಬರೆಯುತ್ತಾರೆ. ಸೋವಿಯತ್ ನಾಡಿನಲ್ಲಿದ್ದವರಿಗೆ ರಷ್ಯನ್ ಅಕ್ಷರ ಬಂದಿತು. ರೋಮನ್ ಲಿಪಿಯನ್ನು ಹದಗೊಳಿಸಿದವನು ದೇಶಭ್ರಷ್ಟನಾಗಿದ್ದ ಜಲಾದತ್ ಬೆದಿರ್ಖಾನ್. 1932ರಲ್ಲಿ ದಮಾಸ್ಕಸ್ ನಗರದಲ್ಲಿ ಅವನು ಹೊರಡಿಸಿದ ಪತ್ರಿಕೆಯೇ ಅದಕ್ಕೆ ಆಸರೆ. ತುರ್ಕಿ ಸರ್ಕಾರವು 1983ರಲ್ಲಿ ಮಾಡಿದ ಕಾನೂನು ಒಂದು ವಿಚಿತ್ರ ವಸ್ತು. ತುರ್ಕಿಯ ಪ್ರಜೆಗಳೆಲ್ಲರ ಮಾತೃಭಾಷೆ ತುರ್ಕಿಯೇ ಎಂದು ಅದು ಘೋಷಿಸಿತು! ತಾಯಂದಿರನ್ನು ಕೇಳದೆ ಶಾಸನಸಭೆಯವರೇ ಮಾತೃಭಾಷೆಯನ್ನು ನಿಶ್ಚಯಿಸಿದರು. 1991ರಲ್ಲಿ ಆ ಕಾನೂನು ಹೋಯಿತು. ಆದರೂ ತುರ್ಕಿಯ ಅಕ್ಷರಮಾಲೆಯಲ್ಲಿಲ್ಲದ ಮೂರು ಅಕ್ಷರಗಳು ಕುರ್ದಿಯಲ್ಲಿ ಇದ್ದುದರಿಂದ, ಅವನ್ನುಳ್ಳ ಹೆಸರುಗಳನ್ನು ಮಕ್ಕಳಿಗಿಟ್ಟು ದಾಖಲೆ ಮಾಡಿಸುವುದಕ್ಕೆ ಅಡ್ಡಿಯಿತ್ತು. ಆ ಅಕ್ಷರಗಳ ಮೇಲಿನ ನಿಷೇಧ ಸಡಿಲವಾದದ್ದು 2013ರಲ್ಲಿ. ಇದಕ್ಕೆ ಎದುರಾಗಿ ಸ್ವೀಡನ್ ದೇಶವನ್ನು ನೋಡಬೇಕು. ಅಲ್ಲಿ 1977ರ ಸುಧಾರಣೆಯಿಂದ, ವಲಸೆ ಬಂದವರ ಮಕ್ಕಳಿಗೂ ಶಾಲೆಯಲ್ಲಿ ಅವರವರ ಮನೆಮಾತನ್ನು ಕಲಿಸುವ ಏರ್ಪಾಟಾಯಿತು. ಹುಟ್ಟಿದ ಮಣ್ಣಿನಲ್ಲಿ ಬಾಯಿಬಿಡಲಾಗದಿದ್ದ ಕುರ್ದಿ ಭಾಷೆ ಹಿಮದ ನಾಡಿನಲ್ಲಿ ಪುಸ್ತಕಗಳಾಗಿ ಬೆಳೆಯಿತು. ಹಾಗೆ ಬೆಳೆದುದರಿಂದ ಸ್ವೀಡಿಷ್ ಭಾಷೆಗೆ ಯಾವ ಕುಂದೂ ಬರಲಿಲ್ಲ.

ಕರ್ನಾಟಕವು ತುರ್ಕಿಯಲ್ಲ, ಇಲ್ಲಿ ಲಂಬಾಣಿಯನ್ನು ಯಾರೂ ನಿಷೇಧಿಸಿಲ್ಲ. ನಿಷೇಧಿಸುವುದಕ್ಕಾದರೂ ಒಂದು ವಸ್ತುವು ಇದೆಯೆಂದು ಒಪ್ಪಬೇಕಷ್ಟೆ. ಇಲ್ಲಿ ನಡೆಯುವುದು ಬೇರೆ. ಪಾವಗಡ ತಾಲ್ಲೂಕಿನ ತಾಂಡದ ಮಗುವು ಮನೆಯಲ್ಲಿ ಲಂಬಾಣಿ ಆಡುತ್ತದೆ, ಸಂತೆಯಲ್ಲಿಯೂ ಕೂಲಿಯ ಹೊಲದಲ್ಲಿಯೂ ಅದರ ಕಿವಿಗೆ ಬೀಳುವುದು ಬಹುಮಟ್ಟಿಗೆ ತೆಲುಗು, ಶಾಲೆಯಲ್ಲಿ ಕನ್ನಡ, ಶಾಲೆಯ ಗೋಡೆಯ ಮೇಲೆ ಇಂಗ್ಲಿಷಿನ ಅಕ್ಷರಮಾಲೆ. ಐದು ವರ್ಷದ ಮಗುವು ನೀರಿಗೆ ‘ಪಾಣಿ’ ಎನ್ನುತ್ತದೆ. ಉಪಾಧ್ಯಾಯರು ‘ನೀರು’ ಎನ್ನುತ್ತಾರೆ. ಅಂಗಡಿಯವನು ‘ನೀಳ್ಳು’ ಎನ್ನುತ್ತಾನೆ. ಮೂರನ್ನೂ ಅರಗಿಸಿಕೊಳ್ಳುವ ಶಕ್ತಿ ಆ ಮಗುವಿಗೆ ಇಲ್ಲದೆ ಇಲ್ಲ. ಆದರೆ ಅದಕ್ಕೆ ಕಾಲ ಬೇಕು, ಆಸರೆ ಬೇಕು. ಅದು ಸಿಕ್ಕದಾಗ ಮಗುವು ಸುಮ್ಮನೆ ಕುಳಿತುಕೊಳ್ಳುತ್ತದೆ. ಸುಮ್ಮನೆ ಕುಳಿತ ಮಗುವನ್ನು ದಡ್ಡನೆಂದು ಎಣಿಸುವುದು ಸುಲಭ. ಮಳೆಯಿಲ್ಲದ ವರ್ಷದಲ್ಲಿ ತಂದೆತಾಯಿಗಳು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೊರಟಾಗ ಅದೂ ಜೊತೆಯಲ್ಲಿ ಹೋಗುತ್ತದೆ. ತಿರುಗಿ ಬರುವ ವೇಳೆಗೆ ಪಾಠ ಮುಂದೆ ಹೋಗಿರುತ್ತದೆ. ಲಂಬಾಣಿಗರಿಗೆ ವಿದ್ಯೆಯ ಮೇಲೆ ಆಸ್ಥೆಯಿಲ್ಲವೆಂಬ ತೀರ್ಮಾನಕ್ಕೆ ಊರಿನ ಹಿರಿಯರು ಆಗ ಬರುತ್ತಾರೆ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ಲಂಬಾಣಿಗೆ ಲಿಪಿಯಿಲ್ಲವಲ್ಲ ಎಂಬುದು ಮೊದಲನೆಯದು. ಲಿಪಿಯಿಲ್ಲದ ಭಾಷೆಗೆ ನೆರೆಯ ಲಿಪಿಯನ್ನು ತೊಡಿಸುವುದು ಹೊಸ ಮಾತೇನಲ್ಲ. ಕೊಂಕಣಿಯನ್ನೂ ತುಳುವನ್ನೂ ಕೊಡವ ನುಡಿಯನ್ನೂ ಕನ್ನಡದ ಅಕ್ಷರಗಳಲ್ಲಿ ಬರೆಯುತ್ತಿರುವುದು ಎಲ್ಲರೂ ಬಲ್ಲ ವಿಷಯ. ಅಷ್ಟೇ ಅಲ್ಲ, ಲಂಬಾಣಿಗೆ ಕನ್ನಡ ಲಿಪಿಯು ಹೊಲಿದು ಇಟ್ಟಂತೆ ಒಪ್ಪುತ್ತದೆ. ಆ ನುಡಿಯಲ್ಲಿ ಳಕಾರವುಂಟು. ಹಿಂದಿಯ ಅಕ್ಷರಮಾಲೆಯಲ್ಲಿ ಅದಿಲ್ಲ, ಕನ್ನಡದಲ್ಲಿ ಉಂಟು. ಹಳ್ಳಿಯ ಕನ್ನಡದ ಮಕ್ಕಳ ನಾಲಿಗೆಗೆ ಹೊರೆಯಾಗಿ ಕೂತಿರುವ ಮಹಾಪ್ರಾಣಾಕ್ಷರಗಳನ್ನು ತಾಂಡದ ಮಗುವು ಮನೆಗೆ ‘ಘರ’, ಕುದುರೆಗೆ ‘ಘೋಡೊ’ ಎನ್ನುತ್ತ ಆಡುತ್ತಾಡುತ್ತ ಉಚ್ಚರಿಸುತ್ತದೆ. ಕನ್ನಡ ವರ್ಣಮಾಲೆಯ ಪೂರ್ತಿ ಸೊಗಸು ಈ ಸೀಮೆಯಲ್ಲಿ ಯಾರ ಬಾಯಲ್ಲಿ ಉಳಿದಿದೆಯೆಂದು ಕೇಳಿದರೆ, ಪಂಡಿತರನ್ನು ಬಿಟ್ಟರೆ ಲಂಬಾಣಿ ಮಕ್ಕಳ ಬಾಯಲ್ಲಿ ಎನ್ನಬೇಕಾದೀತು.

ತಾಂಡದವರೇ ತಮ್ಮ ಮಕ್ಕಳಿಗೆ ಇಂಗ್ಲಿಷನ್ನು ಬೇಡುತ್ತಾರಲ್ಲ, ಅವರಿಗೆ ಬೇಡವಾದುದನ್ನು ಹೊರಗಿನವರು ಏಕೆ ಹೊರಿಸಬೇಕು ಎಂದು ಕೇಳುವವರುಂಟು. ಇಂಗ್ಲಿಷನ್ನು ಬೇಡದ ಕನ್ನಡದ ಮನೆ ಯಾವುದು? ಕನ್ನಡಿಗನು ಬೇಡಿದಾಗ ಅದು ಕುರುಡು ಮೋಹವೆಂದು ಬೋಧಿಸುವವರು, ಲಂಬಾಣಿಯು ಬೇಡಿದಾಗ ಅದನ್ನು ಅವನ ವಿವೇಕವೆಂದು ಹೊಗಳುವುದು ಯಾವ ನ್ಯಾಯ? ತಾಂಡದವನು ತನ್ನ ನುಡಿಯನ್ನು ಪೇಟೆಯಲ್ಲಿ ತಗ್ಗಿಸಿ ಆಡುವುದನ್ನು ಕಲಿತಿದ್ದರೆ, ಅದನ್ನು ಅವನಿಗೆ ಕಲಿಸಿದವರು ಪೇಟೆಯವರು. ಬಸ್ಸಿನಲ್ಲಿ ಇಬ್ಬರು ಲಂಬಾಣಿ ಹೆಂಗಸರು ಗಟ್ಟಿಯಾಗಿ ಮಾತನಾಡಿದರೆ ತಿರುಗಿ ನೋಡಿ ನಗುವ ಸಭ್ಯಸ್ಥರನ್ನು ಮಧುಗಿರಿಯ ನಿಲ್ದಾಣದಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಗಡಿಯ ತಾಲ್ಲೂಕುಗಳಲ್ಲಿ ಕನ್ನಡಕ್ಕೇ ನೆಲೆಯಿಲ್ಲದಿರುವಾಗ ಇನ್ನೊಂದು ಭಾಷೆಯನ್ನು ಶಾಲೆಗೆ ತಂದರೆ ಕನ್ನಡವು ಇನ್ನಷ್ಟು ಸೊರಗುವುದೆಂಬ ಭಯವು ಎಲ್ಲಕ್ಕಿಂತ ಬಲವಾದುದು, ಪ್ರಾಮಾಣಿಕವಾದುದೂ ಹೌದು. ಆದರೆ ಭಯದ ಲೆಕ್ಕ ತಪ್ಪಾಗಿದೆ. ಮೊದಲ ಎರಡು ಮೂರು ವರ್ಷ ತನ್ನ ಮಾತನ್ನೇ ಕನ್ನಡದ ಅಕ್ಷರಗಳಲ್ಲಿ ಓದಿದ ಮಗುವಿಗೆ ಕನ್ನಡದ ಪುಸ್ತಕವು ಅಪರಿಚಿತವಾಗಿರುವುದಿಲ್ಲ; ಅಕ್ಷರವು ಆಗಲೇ ಅದರದಾಗಿರುತ್ತದೆ. ಲಂಬಾಣಿಗೆ ದೇವನಾಗರಿಯೇ ಆಗಬೇಕೆಂದು ವಾದಿಸುವವರು ಬಂಜಾರರಲ್ಲಿಯೂ ಇದ್ದಾರೆ. ಗಡಿಯಾಚೆ ತೆಲುಗು ಲಿಪಿ ಬಂದಾಗಿದೆ. ಕನ್ನಡವು ತನ್ನ ಲಿಪಿಯನ್ನು ಆದರದಿಂದ ಮುಂದಿಡದೆ ಕುಳಿತರೆ ಸೋಲುವುದು ಲಂಬಾಣಿಯೊಂದೇ ಅಲ್ಲ. ಶಿರಾ, ಮಧುಗಿರಿಗಳಲ್ಲಿ ಉರ್ದು ಶಾಲೆಗಳು ಬಹುಕಾಲದಿಂದ ನಡೆದುಬಂದಿವೆ; ಅವುಗಳಿಂದ ಶಿರಾ ಪಟ್ಟಣದಲ್ಲಿ ಕನ್ನಡವು ಅಳಿದಿಲ್ಲವಲ್ಲ.

ಗಡಿಯ ಮಾತು ಬಂದಮೇಲೆ ಕನ್ನಡಿಗರು ಗಡಿಯಾಚೆ ಕೇಳುತ್ತಿರುವುದೇನೆಂದು ನೆನೆಯಬೇಕು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ಅಲ್ಲಿನ ಕನ್ನಡದ ಮಕ್ಕಳಿಗೆ ಕನ್ನಡ ಬಲ್ಲ ಉಪಾಧ್ಯಾಯರೇ ಬೇಕು, ಮಲಯಾಳದವರನ್ನು ಕನ್ನಡ ಶಾಲೆಗೆ ಹಾಕಬಾರದು ಎಂಬುದು ಕಾಸರಗೋಡಿನವರ ಹಳೆಯ ಕೂಗು. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಮಾಡಿದಾಗ ಆ ಕೂಗು ಬೆಂಗಳೂರಿಗೂ ಕೇಳಿಸಿತು. ಅಷ್ಟು ದೂರವೇಕೆ? ಪಾವಗಡದ ನೆರೆಯ ಮಡಕಶಿರಾ ಸೀಮೆಯು 1953ರಲ್ಲಿ ಅನಂತಪುರ ಜಿಲ್ಲೆಯೊಡನೆ ಆಂಧ್ರಕ್ಕೆ ಸೇರಿತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಈಗಿನ ಹೇಮಾವತಿ, ಆ ಸೀಮೆಯಲ್ಲಿಯೇ ಇದೆ. ಅಲ್ಲಿನ ಕನ್ನಡ ಶಾಸನಗಳನ್ನು ನೋಡಿ ಬಂದವರು ಅಲ್ಲಿನ ಕನ್ನಡ ಶಾಲೆಗಳ ದುಃಸ್ಥಿತಿಗೆ ಮರುಗದೆ ಇರುವುದಿಲ್ಲ. ಅವರು ಮರುಗಿ ಕೇಳುವುದು ಸಂವಿಧಾನದ 350-ಎ ವಿಧಿಯ ಹೆಸರಿನಲ್ಲಿ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಅಧಿಕಾರವೂ ಪ್ರಯತ್ನಿಸಬೇಕೆಂಬ ವಿಧಿ ಅದು. ಎಂಟನೆಯ ಪರಿಚ್ಛೇದದಲ್ಲಿ ಹೆಸರಿರುವ ಭಾಷೆಗಳಿಗೆ ಮಾತ್ರವೆಂದು ಆ ವಿಧಿಯಲ್ಲಿ ಎಲ್ಲಿಯೂ ಹೇಳಿಲ್ಲ. ಹೇಮಾವತಿಯ ಕನ್ನಡದ ಮಗುವಿಗೆ ಸಲ್ಲುವ ವಿಧಿಯು ಹತ್ತಾರು ಮೈಲಿ ಈಚೆಯ ತಾಂಡದ ಮಗುವಿಗೆ ಸಲ್ಲದೆ ಹೋಗುವುದು ಹೇಗೆ?

ಕನ್ನಡವೂ ಒಂದು ಕಾಲದಲ್ಲಿ ಈ ಸ್ಥಿತಿಯಲ್ಲಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿತ್ತು. ಕನ್ನಡದ ಮನೆಯ ಮಕ್ಕಳು ಮರಾಠಿಯಲ್ಲಿ ಅಕ್ಷರ ತಿದ್ದುತ್ತಿದ್ದರು. ಆ ಮಕ್ಕಳ ಮನೆಮಾತು ಕನ್ನಡವೆಂದು ಹಟಹಿಡಿದು ಕನ್ನಡ ಶಾಲೆಗಳನ್ನು ತೆರೆಯಿಸಿದ ಡೆಪ್ಯುಟಿ ಚನ್ನಬಸಪ್ಪನವರನ್ನು ಧಾರವಾಡದವರು ಇಂದಿಗೂ ಸ್ಮರಿಸುತ್ತಾರೆ. ತಾಂಡಗಳಿಗೆ ಅಂಥ ಒಬ್ಬ ಡೆಪ್ಯುಟಿ ಇನ್ನೂ ಬಂದಿಲ್ಲ.

ಬಂದಿರುವುದು ಪ್ರದರ್ಶನ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆಯಾದಾಗ 1,755 ಕಸೂತಿಯ ವಸ್ತುಗಳನ್ನು ಒಟ್ಟಿಗೆ ಇರಿಸಿ ವಿಶ್ವದಾಖಲೆ ಮಾಡಿದರು. ಮೆರವಣಿಗೆಯೆಂದರೆ ಫೇಟಿಯಾ, ಕಾಂಚಳಿ ತೊಟ್ಟ ಲಂಬಾಣಿ ಹೆಣ್ಣುಮಕ್ಕಳ ಕುಣಿತವಿಲ್ಲದೆ ಆಗದು. ಆ ಹೆಣ್ಣುಮಕ್ಕಳು ಹಾಡುವ ಹಾಡಿನ ಅರ್ಥವೇನೆಂದು ಕೇಳಿದ ಮಂತ್ರಿಗಳುಂಟೆ? ಮದುವೆಯಾಗಿ ತವರನ್ನು ಬಿಡುವ ಹುಡುಗಿಯು ತಾಯಿಯ ಕೊರಳನ್ನು ತಬ್ಬಿ ಅಳುತ್ತ ಹಾಡುವ ‘ಢಾವಲೋ’ ಎಂಬ ಹಾಡಿನ ಪದ್ಧತಿಯೊಂದು ತಾಂಡಗಳಲ್ಲಿದೆ. ಮುದುಕಿಯರು ಅದನ್ನು ಹುಡುಗಿಗೆ ಮೊದಲೇ ಕಲಿಸುತ್ತಾರೆ. ಅತ್ತು ಹಾಡಲು ಬಾರದವಳು ಅವರ ಕಣ್ಣಿಗೆ ಅರೆಗಲಿತವಳು. ಕಾಲೇಜಿನಲ್ಲಿ ಓದಿದ ಹುಡುಗಿಗೆ ಆ ಮಾತುಗಳು ಈಗ ಅರ್ಧ ತಿಳಿಯುತ್ತವೆ, ಅರ್ಧ ತಿಳಿಯುವುದಿಲ್ಲ. ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಹಾಡಿನ ವಿಷಯದಲ್ಲಿ ಅದು ನಡೆಯದು.

ಆಗಬೇಕಾದ ಕೆಲಸ ಅಸಾಧ್ಯವಾದದ್ದೇನೂ ಅಲ್ಲ. ಮಧುಗಿರಿಯಲ್ಲಿ ಉಪನಿರ್ದೇಶಕರ ಕಚೇರಿಯಿದೆ, ಶಿಕ್ಷಕರ ತರಬೇತಿ ಸಂಸ್ಥೆಯಿದೆ. ಲಂಬಾಣಿ ಮನೆಮಾತಿನ ಉಪಾಧ್ಯಾಯರು ಇದೇ ನಾಲ್ಕು ತಾಲ್ಲೂಕುಗಳಲ್ಲಿದ್ದಾರೆ. ಅವರು ತಾಂಡದ ಶಾಲೆಯನ್ನು ಬಿಟ್ಟು ಇನ್ನೆಲ್ಲೋ ಕೆಲಸ ಮಾಡುತ್ತಿದ್ದರೆ ಅದು ವರ್ಗಾವಣೆಯ ನಿಯಮದ ಫಲ. ಇಂಥವರಲ್ಲಿ ಹತ್ತು ಮಂದಿಯನ್ನು ಒಂದು ಬೇಸಗೆ ಕೂಡಿಸಿ, ತಾಂಡದ ಮುದುಕಿಯರನ್ನು ಜೊತೆಯಲ್ಲಿ ಕೂರಿಸಿಕೊಂಡರೆ ಕನ್ನಡ ಲಿಪಿಯ ಒಂದು ಲಂಬಾಣಿ ಬಾಲಬೋಧೆ ಮಳೆಗಾಲಕ್ಕೆ ಮುಂಚೆ ಸಿದ್ಧವಾಗುತ್ತದೆ. ಅಚ್ಚಿನ ಖರ್ಚು ಒಂದು ಸಾಹಿತ್ಯ ಸಮ್ಮೇಳನದ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗದು. ಸಮ್ಮೇಳನವು ಮುಂದಿನ ಸಲ ಯಾವ ತಾಲ್ಲೂಕಿನಲ್ಲಿ ಕೂಡುವುದೋ ಆ ತಾಲ್ಲೂಕಿನ ತಾಂಡಗಳ ನಾಯಕರನ್ನೂ ಕಾರಭಾರಿಗಳನ್ನೂ ಕುಣಿತದ ತಂಡದ ಹಿಂದೆ ನಿಲ್ಲಿಸದೆ ವೇದಿಕೆಗೆ ಕರೆದು, ಅವರ ಮಾತಿನಲ್ಲಿಯೇ ಒಂದು ಗಳಿಗೆ ಮಾತನಾಡಗೊಟ್ಟರೆ, ಕೇಳಿ ಕುಳಿತವರಿಗೆ ಏನೂ ತಿಳಿಯದೆ ಹೋಗಬಹುದು. ತಾಂಡದ ಮಗುವು ಒಂದನೆಯ ತರಗತಿಯಲ್ಲಿ ಕುಳಿತು ಪಡುವ ಅನುಭವವೂ ಅದೇ.